ಮಗುಚಿದರೆ ಏಣಿಯಾಗುವ ಕುರ್ಚಿ: ಪೈನ್ ಕಿಟ್, ಬೀಚ್ ಮರದ್ದು, ಮತ್ತೆ ಬಾಗಿಲ ಹಿಂದಿನ ಅಲ್ಯೂಮಿನಿಯಂ ಏಣಿ

ಮೊದಲೇ ಹೇಳಿಬಿಡುತ್ತೇನೆ, ಗೆದ್ದಿದ್ದು ಬೀಚ್ ಅನ್ನುವ ಗಟ್ಟಿ ಮರದ ಕುರ್ಚಿ. ಬಿಡಿ ತುಂಡುಗಳಾಗಿ ಬಂದು ನಾವೇ ಜೋಡಿಸಿಕೊಳ್ಳಬೇಕಾದ ಪೈನ್ ಮರದ ಕಿಟ್ ಸೋತಿತು. ಅದೂ ಸುಮ್ನೆ ಸೋಲಲಿಲ್ಲ, ನನ್ನ ಎರಡು ಭಾನುವಾರಗಳನ್ನೂ ಒಂದು ಹೆಬ್ಬೆರಳಿನ ಉಗುರನ್ನೂ ತಿಂದು ಸೋತಿತು. ಅಲ್ಯೂಮಿನಿಯಂ ಏಣಿ ಮನೆಯಲ್ಲಿ ಮೊದಲಿಂದಲೂ ಇತ್ತು. ಅದಿದ್ದೂ ಈ ಏಣಿ-ಕುರ್ಚಿಯ ಹುಚ್ಚು ಯಾಕೆ ಹತ್ತಿತು ಅಂತ ಕೇಳಬಹುದು. ಅಲ್ಲಿಂದಲೇ ಶುರು ಮಾಡುತ್ತೇನೆ.

ನನ್ನ ಪುಸ್ತಕದ ಕಪಾಟು ಹೆಚ್ಚೂಕಡಿಮೆ ಸೂರು ಮುಟ್ಟುತ್ತದೆ. ನಾನು ಮುಟ್ಟುವುದಿಲ್ಲ. ಮೇಲಿನ ಎರಡು ಸಾಲಿನ ಪುಸ್ತಕ ಬೇಕೆಂದರೆ ಸ್ಟೋರ್ ರೂಮಿನ ಬಾಗಿಲ ಹಿಂದಿನಿಂದ ಏಣಿ ಎಳೆದು ತರಬೇಕು. ಅದಕ್ಕೂ ಮೊದಲು ಅದಕ್ಕೆ ಒರಗಿಸಿಟ್ಟ ಪೊರಕೆ, ಕೊಡೆ, ಇಸ್ತ್ರಿ ಮಾಡುವ ಹಲಗೆ ಎಲ್ಲವನ್ನೂ ಸರಿಸಬೇಕು. ಒಂದು ಪುಸ್ತಕಕ್ಕೆ ಇಷ್ಟೆಲ್ಲ ಸರ್ಕಸ್ ಯಾರು ಮಾಡುತ್ತಾರೆ? ನಾನಂತೂ ಮಾಡುತ್ತಿರಲಿಲ್ಲ. ಮಾಮೂಲಿ ಕುರ್ಚಿ ಎಳೆದು, ಅದರ ಮೇಲೆ ಹತ್ತಿ, ತುದಿಗಾಲಲ್ಲಿ ನಿಂತು, ಬೆರಳ ತುದಿಯಿಂದ ಪುಸ್ತಕದ ಬೆನ್ನನ್ನು ಕೆರೆದು ಕೆರೆದು ಈಚೆಗೆ ತರುತ್ತಿದ್ದೆ. ಒಂದು ದಿನ ಹಾಗೆ ಕೆರೆಯುವಾಗ ದಪ್ಪ ನಿಘಂಟು ಜಾರಿ ಭುಜದ ಮೇಲೆ ಬಿತ್ತು. ಅವತ್ತೇ ಹುಡುಕಲು ಕೂತೆ.

ಇದೇನೂ ಹೊಸ ಐಡಿಯಾ ಅಲ್ಲ. ಲಂಡನ್ನಿನ ಮಾರ್ಗನ್ ಅಂಡ್ ಸ್ಯಾಂಡರ್ಸ್ ಅನ್ನುವ ಪೀಠೋಪಕರಣ ತಯಾರಕರು ಇಂಥದೇ ಲೈಬ್ರರಿ ಕುರ್ಚಿ ಮಾಡುತ್ತಿದ್ದರು. 1811ರಲ್ಲಿ ಒಂದು ಇಂಗ್ಲಿಷ್ ಮಾಸಪತ್ರಿಕೆಯಲ್ಲಿ ಅದರ ಚಿತ್ರವೇ ಬಂದಿತ್ತು. ಅದಕ್ಕೂ ಮುಂಚೆ ಅಮೆರಿಕದ ಬೆಂಜಮಿನ್ ಫ್ರಾಂಕ್ಲಿನ್ ಹತ್ತಿರ ಸೀಟಿನ ಕೆಳಗೆ ಮೆಟ್ಟಿಲು ಅಡಗಿಸಿಟ್ಟ ಕುರ್ಚಿಯೊಂದಿತ್ತು. ಅವರು ತೀರಿಕೊಂಡಿದ್ದು 1790ರಲ್ಲಿ. ಅಂದರೆ ಮೇಲಿನ ಸಾಲಿಗೆ ಕೈ ಎಟುಕದವರ ಗೋಳಿಗೆ ಇನ್ನೂರು ಚಿಲ್ಲರೆ ವರ್ಷ ವಯಸ್ಸಾಯಿತು. ನಾನೊಬ್ಬಳೇ ಕುಳ್ಳಿ ಅಲ್ಲ ಅಂತ ಸಮಾಧಾನ.

ಇದು ಹೇಗೆ ಕೆಲಸ ಮಾಡುತ್ತದೆ ಅಂತ ಸ್ವಲ್ಪ ಹೇಳಲೇಬೇಕು, ಇಲ್ಲದಿದ್ದರೆ ಮುಂದಿನ ರಗಳೆ ಅರ್ಥವಾಗುವುದಿಲ್ಲ. ಕುರ್ಚಿಯನ್ನು ಪಕ್ಕದಿಂದ ನೋಡುತ್ತಿದ್ದೀರಿ ಅಂದುಕೊಳ್ಳಿ. ಹಿಂಗಾಲಿನ ಬುಡದಿಂದ ಸೀಟಿನ ಮುಂದಿನ ಅಂಚಿನ ತನಕ ಒಂದು ಓರೆ ಗೆರೆ ಎಳೆಯಿರಿ. ಕುರ್ಚಿ ಆ ಗೆರೆಯಲ್ಲಿ ಎರಡು ಹೋಳು. ಕೆಳಗಿನ ಹೋಳಿನಲ್ಲಿ ನೆಲ ಊರುವ ನಾಲ್ಕು ಪಾದ, ಎರಡು ಮೆಟ್ಟಿಲು. ಮೇಲಿನ ಹೋಳಿನಲ್ಲಿ ಸೀಟು, ಬೆನ್ನು, ಮತ್ತೆ ಸೀಟಿನ ಅಡಿಯಲ್ಲಿ ತಲೆಕೆಳಗಾಗಿ ಅವಿತುಕೊಂಡ ಇನ್ನೆರಡು ಮೆಟ್ಟಿಲು. ಎರಡು ಹೋಳನ್ನೂ ಸೇರಿಸಿ ಹಿಡಿದಿರುವುದು ಸೀಟಿನ ಮುಂದಿನ ಅಂಚಿನ ಹಿಂಜ್, ಅಂದರೆ ಬಾಗಿಲಿಗೆ ಇರುವಂಥ ಕೀಲು. ಬೆನ್ನು ಹಿಡಿದು ಮುಂದಕ್ಕೆ ಮಗುಚಿದರೆ ಮೇಲಿನ ಹೋಳು ಪೂರ್ತಿ ಪಲ್ಟಿ ಹೊಡೆದು, ಬೆನ್ನಿನ ತುದಿ ನೆಲಕ್ಕೆ ಊರುತ್ತದೆ. ಅವಿತಿದ್ದ ಮೆಟ್ಟಿಲುಗಳು ಮೇಲೆ ಬರುತ್ತವೆ. ಹತ್ತುವುದು ಹಿಂಬದಿಯಿಂದ.

ಇದರಲ್ಲಿ ಒಂದು ಚಂದದ ಲೆಕ್ಕ ಇದೆ. ಸೀಟು ನೆಲದಿಂದ 45 ಸೆಂಟಿಮೀಟರ್ ಎತ್ತರ ಇದ್ದರೆ, ಬೆನ್ನು ಸೀಟಿನಿಂದ ಮೇಲಕ್ಕೆ ಸರಿಯಾಗಿ ಅಷ್ಟೇ ಇರಬೇಕು. ಜಾಸ್ತಿಯಾದರೆ ಮಗುಚುವಾಗ ನೆಲಕ್ಕೆ ಬಡಿಯುತ್ತದೆ, ಕಡಿಮೆಯಾದರೆ ಗಾಳಿಯಲ್ಲಿ ನಿಲ್ಲುತ್ತದೆ. ಅದಕ್ಕೇ ಇಂಥ ಕುರ್ಚಿಗಳಿಗೆ ತಲೆ ಆನಿಸುವಷ್ಟು ಎತ್ತರದ ಬೆನ್ನು ಇರುವುದಿಲ್ಲ. ಇನ್ನೊಂದು ವಿಷಯ. ಕುರ್ಚಿಯಾಗಿದ್ದಾಗ ಬೆನ್ನು ಎಷ್ಟು ಹಿಂದಕ್ಕೆ ವಾಲಿರುತ್ತದೋ, ಏಣಿಯಾದಾಗ ಅದರ ಪಾದ ಅಷ್ಟೇ ಮುಂದಕ್ಕೆ ಹೋಗಿ ಊರುತ್ತದೆ. ಒರಗಿ ಕೂರಲು ಹಿತವಾದ ಕುರ್ಚಿಯೇ ಹತ್ತಲೂ ಗಟ್ಟಿ. ಕೊಳ್ಳುವಾಗ ಇದು ನನಗೆ ಗೊತ್ತಿರಲಿಲ್ಲ. ಪೈನ್ ಕಿಟ್ಟಿನ ಬೆನ್ನು ಶಾಲೆಯ ಬೆಂಚಿನ ಹಾಗೆ ನೆಟ್ಟಗಿತ್ತು, ಏಣಿಯಾದಾಗ ಮೇಲಿನ ಮೆಟ್ಟಿಲ ನೇರ ಕೆಳಗೇ ಕಾಲೂರಿ ನಿಲ್ಲುತ್ತಿತ್ತು. ಅಲ್ಲಿ ನಿಂತು ಸ್ವಲ್ಪ ಮುಂದಕ್ಕೆ ಬಗ್ಗಿದರೂ ಎದೆ ಝಲ್ ಅನ್ನುತ್ತಿತ್ತು.

ಈಗ ಕಿಟ್ಟಿನ ಕಥೆ. ಅದನ್ನು ಕೊಂಡಿದ್ದು ಅಗ್ಗ ಅಂತ. ಬೇರೆ ಕಾರಣ ಹೇಳಿದರೆ ಸುಳ್ಳಾಗುತ್ತದೆ. ಡಬ್ಬದಲ್ಲಿ ಹದಿನೇಳು ತುಂಡು, ಮೂರು ಪೊಟ್ಟಣ ಸ್ಕ್ರೂ ಬೋಲ್ಟು, ಬೋಲ್ಟು ಬಿಗಿಯಲು ಒಂದು ಅಲೆನ್ ಕೀ, ಒಂದು ಹಾಳೆ. ಹಾಳೆಯಲ್ಲಿ ಒಂದಕ್ಷರ ಇಲ್ಲ, ಬರೀ ಚಿತ್ರ. ಚಿತ್ರದಲ್ಲಿ ಎಡ ಪಕ್ಕದ ಚೌಕಟ್ಟೂ ಬಲ ಪಕ್ಕದ ಚೌಕಟ್ಟೂ ಒಂದೇ ಥರ ಕಾಣುತ್ತವೆ. ನಿಜದಲ್ಲಿ ಅವು ಕನ್ನಡಿಯಲ್ಲಿ ಕಂಡಂತೆ ಅದಲು ಬದಲು. ಮೆಟ್ಟಿಲಿನ ಹಲಗೆ ಕೂರುವ ತೋಡು ಎರಡರಲ್ಲೂ ಒಳಮುಖವಾಗಿರಬೇಕು. ನಾನು ಒಂದರಲ್ಲಿ ಹೊರಮುಖ ಮಾಡಿದ್ದೆ. ಗೊತ್ತಾಗಿದ್ದು ಎಂಟು ಬೋಲ್ಟು ಬಿಗಿದ ಮೇಲೆ.

ಬೋಲ್ಟು ಬಿಗಿಯುವುದೂ ಒಂದು ಆಟವೇ. ಮರದ ಪಕ್ಕದ ತೂತಿನೊಳಗೆ ಉರುಳೆಯಂಥ ಪುಟ್ಟ ನಟ್ಟು ಹಾಕಬೇಕು, ಇನ್ನೊಂದು ಕಡೆಯಿಂದ ಬಂದ ಬೋಲ್ಟು ಅದರ ಹೊಟ್ಟೆಗೆ ಹೋಗಬೇಕು. ನಟ್ಟು ಒಳಗೆ ಎತ್ತ ತಿರುಗಿದೆ ಅಂತ ಕಾಣುವುದಿಲ್ಲ. ನಾನು ಅರ್ಧ ಗಂಟೆ ಕುರುಡಾಗಿ ತಿರುಗಿಸಿದೆ. ಆಮೇಲೆ ನೋಡಿದರೆ ಅದರ ತಲೆಯ ಮೇಲೆ ಒಂದು ಗೀರು ಇದೆ. ಆ ಗೀರನ್ನು ಸ್ಕ್ರೂಡ್ರೈವರಿನಿಂದ ಬೋಲ್ಟು ಬರುವ ದಿಕ್ಕಿಗೆ ತಿರುಗಿಸಿದರೆ ಸರಕ್ಕನೆ ಕೂರುತ್ತದೆ. ಈ ಗೀರಿನ ವಿಷಯ ಹಾಳೆಯಲ್ಲಿ ಇರಲಿಲ್ಲ.

ಸಂಜೆ ಹೊತ್ತಿಗೆ ಕುರ್ಚಿ ಆಯಿತು. ಕೂತು ನೋಡಿದೆ. ಅಲ್ಲಾಡಲಿಲ್ಲ, ಕಿರುಗುಟ್ಟಲಿಲ್ಲ. ಖುಷಿಯಾಗಿ ತಮ್ಮನನ್ನು ಕರೆದು, ನೋಡು ಅಂತ ಗತ್ತಿನಲ್ಲಿ ಮಗುಚಿದೆ. ಏಣಿಯೂ ಆಯಿತು. ಎರಡನೇ ಮೆಟ್ಟಿಲ ಮೇಲೆ ಕಾಲಿಟ್ಟೆ. ಟಕ್. ಎಡಕ್ಕೆ ವಾಲಿತು. ತೂಕ ಬಲಕ್ಕೆ ಹಾಕಿದೆ. ಟಕ್. ಬಲಕ್ಕೆ ವಾಲಿತು.

"ಅಕ್ಕಾ, ನೀನು ತರಿಸಿದ್ದು ಕುರ್ಚಿನಾ, ಜೋಕಾಲಿನಾ?" ಅಂದ ಅವನು.

ಕುರ್ಚಿಯಾಗಿದ್ದಾಗ ಗಟ್ಟಿ, ಏಣಿಯಾದಾಗ ಮಾತ್ರ ಜೋಕಾಲಿ. ಯಾಕೆ? ಇದಕ್ಕೆ ಉತ್ತರ ಹುಡುಕುವುದರಲ್ಲಿ ಮೊದಲ ಭಾನುವಾರದ ರಾತ್ರಿಯೂ ಎರಡನೇ ಭಾನುವಾರ ಪೂರ್ತಿಯೂ ಹೋಯಿತು. ನೆಲ ಸರಿ ಇಲ್ಲ ಅಂದುಕೊಂಡು ಮೂರು ಕೋಣೆಗೆ ಹೊತ್ತುಕೊಂಡು ಹೋಗಿ ನೋಡಿದೆ. ರಸಮಟ್ಟ ಇಟ್ಟು ನೋಡಿದೆ. ನೆಲದ್ದೇನೂ ತಪ್ಪಿರಲಿಲ್ಲ.

ಕೊನೆಗೆ ನೆಲಕ್ಕೆ ಕೆನ್ನೆ ತಾಗಿಸಿ ಮಲಗಿ ಪಾದಗಳನ್ನು ಎಣಿಸಿದಾಗ ಹೊಳೆಯಿತು. ಕುರ್ಚಿಯಾಗಿದ್ದಾಗ ನೆಲ ಊರುವುದು ಕೆಳಗಿನ ಹೋಳಿನ ನಾಲ್ಕು ಪಾದ ಮಾತ್ರ. ಮೇಲಿನ ಹೋಳು ಅದರ ಮೇಲೆ ಸುಮ್ನೆ ಕೂತಿರುತ್ತದೆ. ಏಣಿಯಾದಾಗ ಬೆನ್ನಿನ ಎರಡು ತುದಿಗಳೂ ಕೆಳಗೆ ಬರುತ್ತವೆ. ಒಟ್ಟು ಆರು ಪಾದ. ಮೂರು ಕಾಲಿನ ಮಣೆ ಎಂಥ ನೆಲದಲ್ಲೂ ಅಲ್ಲಾಡುವುದಿಲ್ಲ. ನಾಲ್ಕು ಕಾಲಿನದು ಒಂದು ಕಾಲು ಗಿಡ್ಡವಾದರೂ ಅಲ್ಲಾಡುತ್ತದೆ. ಆರು ಕಾಲೂ ಒಟ್ಟಿಗೆ ನೆಲ ಮುಟ್ಟಬೇಕೆಂದರೆ ಎರಡು ಹೋಳುಗಳೂ ಕೂದಲೆಳೆಯಷ್ಟೂ ತಿರುಚಿಕೊಳ್ಳದೆ ಇರಬೇಕು. ನಾನು ಮೊದಲ ಬೋಲ್ಟನ್ನು ಪೂರ್ತಿ ಬಿಗಿದು, ಆಮೇಲೆ ಎರಡನೆಯದು, ಆಮೇಲೆ ಮೂರನೆಯದು ಅಂತ ಬಿಗಿಯುತ್ತಾ ಹೋಗಿದ್ದೆ. ಪ್ರತಿ ಬೋಲ್ಟೂ ಚೌಕಟ್ಟನ್ನು ಒಂದಿಷ್ಟು ತನ್ನ ಕಡೆ ಎಳೆದುಕೊಂಡಿತ್ತು. ಬೆನ್ನಿನ ಎಡ ತುದಿ ನೆಲದಿಂದ ಐದು ಮಿಲಿಮೀಟರ್ ಮೇಲಿತ್ತು.

ಸರಿ ಮಾಡುವ ದಾರಿ ಇದೆ, ಇಂಥ ಕಿಟ್ ಈಗಾಗಲೇ ಕೊಂಡವರಿಗೆ ಹೇಳುತ್ತೇನೆ. ಎಲ್ಲ ಬೋಲ್ಟುಗಳನ್ನೂ ಒಂದು ಸುತ್ತು ಸಡಿಲ ಮಾಡಿ. ಕುರ್ಚಿಯ ರೂಪದಲ್ಲಿ ಅಲ್ಲ, ಏಣಿಯ ರೂಪದಲ್ಲಿ ಸಮತಟ್ಟಾದ ನೆಲದ ಮೇಲೆ ನಿಲ್ಲಿಸಿ. ನಾಲ್ಕೂ ಮೆಟ್ಟಿಲ ಮೇಲೆ ಭಾರದ ಪುಸ್ತಕ ಹೇರಿ. ಆರೂ ಪಾದ ನೆಲ ಕಂಡ ಮೇಲೆ, ಒಂದು ಮೂಲೆಯದು ಸ್ವಲ್ಪ, ಅದರ ಎದುರು ಮೂಲೆಯದು ಸ್ವಲ್ಪ ಅಂತ ಬಿಗಿಯುತ್ತಾ ಬನ್ನಿ. ನನ್ನ ಐದು ಮಿಲಿಮೀಟರ್ ಒಂದೂವರೆಗೆ ಇಳಿಯಿತು. ಪೂರ್ತಿ ಹೋಗಲಿಲ್ಲ.

ಉಳಿದ ಒಂದೂವರೆಗೆ ರಬ್ಬರ್ ಬುಷ್ ಹಾಕಿದರಾಯಿತು ಅಂತ ತಮ್ಮ ಸಲಹೆ ಕೊಟ್ಟ. ಹಾಕಿದೆ. ಅಲ್ಲಾಟ ನಿಂತಿತು. ಮಾರನೇ ದಿನ ಕುರ್ಚಿಯಾಗಿ ನಿಲ್ಲಿಸಿದಾಗ ನೋಡುತ್ತೇನೆ, ಬೆನ್ನಿನ ಮೇಲ್ತುದಿಯಲ್ಲಿ ಎರಡು ಕಪ್ಪು ಕೋಡು! ಏಣಿಯ ಪಾದ ಅಂದರೆ ಕುರ್ಚಿಯ ಹೆಗಲು, ಅದನ್ನು ಮರೆತಿದ್ದೆ. ಚಂದ ಹಾಳಾಗಿದ್ದು ಹೋಗಲಿ, ನೆಲದ ದೂಳು, ಕೂದಲು, ಹತ್ತಿಯ ಎಳೆ ಎಲ್ಲ ಆ ರಬ್ಬರಿಗೆ ಮೆತ್ತಿಕೊಂಡಿರುತ್ತಿತ್ತು. ಕುರ್ಚಿ ಎಳೆಯಲು ಕೈ ಹಾಕುವುದು ಸರಿಯಾಗಿ ಅಲ್ಲೇ. ಇದು ಪೈನಿನ ತಪ್ಪಲ್ಲ, ಏಣಿ-ಕುರ್ಚಿಯ ಜಾತಿಯದೇ ಗುಣ. ಕೈ ಹಿಡಿಯುವ ಜಾಗವೇ ನೆಲ ಊರುವ ಜಾಗ. ಬೀಚ್ ಕುರ್ಚಿಯಲ್ಲೂ ಇದು ಇದೆ, ಆದರೆ ಅದಕ್ಕೆ ರಬ್ಬರ್ ಬೇಕಾಗಲಿಲ್ಲ, ಒಂದು ಸಲ ಬಟ್ಟೆಯಿಂದ ಒರೆಸಿದರೆ ಮುಗಿಯಿತು.

ಇಷ್ಟಾದರೂ ನಾನು ಕಿಟ್ಟನ್ನು ಬಿಟ್ಟುಕೊಟ್ಟಿರಲಿಲ್ಲ. ಬಿಡಿಸಿದ್ದು ಹಿಂಜ್.

ಮೂರನೇ ವಾರ ಮೂರನೇ ಮೆಟ್ಟಿಲ ಮೇಲೆ ನಿಂತು ಪುಸ್ತಕ ಹುಡುಕುತ್ತಿದ್ದೆ. ಕೆಳಗೆಲ್ಲೋ ಟಿಕ್ ಅಂತ ಸದ್ದು. ಇಳಿದು ನೋಡಿದರೆ ಹಿಂಜಿನ ಒಂದು ಸ್ಕ್ರೂ ಅರ್ಧ ಹೊರಗೆ ಬಂದಿದೆ, ಅದರ ಸುತ್ತ ಮರದ ಪುಡಿ. ಬೆರಳಲ್ಲೇ ಎಳೆದೆ, ಬಂದುಬಿಟ್ಟಿತು. ನನ್ನ ಉಗುರಿನಷ್ಟೂ ಉದ್ದವಿರಲಿಲ್ಲ. ಪೈನ್ ಮೆತ್ತನೆ ಮರ, ಅದರಲ್ಲಿ ಇಷ್ಟು ಗಿಡ್ಡ ಸ್ಕ್ರೂ ಎಷ್ಟು ದಿನ ಹಲ್ಲು ಕಚ್ಚಿ ಹಿಡಿದೀತು?

ಮರಗೆಲಸ ಬಲ್ಲ ದೊಡ್ಡಪ್ಪನನ್ನು ಕರೆದು ತೋರಿಸಿದೆ. ಅವರು ಸ್ಕ್ರೂ ಕಡೆ ನೋಡಲೇ ಇಲ್ಲ. ಏಣಿ ನಿಲ್ಲಿಸಿ, ಎರಡು ಹೋಳು ಸೇರುವ ಜಾಗಕ್ಕೆ ಜೇಬಿನಿಂದ ಒಂದು ವಿಸಿಟಿಂಗ್ ಕಾರ್ಡ್ ತೆಗೆದು ತೂರಿಸಿದರು. ಹೋಯಿತು. ಎರಡು ಕಾರ್ಡ್ ತೂರಿಸಿದರು. ಹೋಯಿತು. ಆರು ಕಾರ್ಡ್ ಹೋದವು.

"ನೋಡಮ್ಮ, ಇಲ್ಲಿ ಮರಕ್ಕೆ ಮರ ತಾಗ್ತಾನೇ ಇಲ್ಲ. ನೀನು ನಿಂತಿರೋದು ಈ ಮೊಳೆಯಂಥ ಸ್ಕ್ರೂಗಳ ಮೇಲೆ. ಭಾರ ಮರ ಹೊರಬೇಕು. ಹಿಂಜ್ ಇರೋದು ಜೊತೆ ಬಿಡದ ಹಾಗೆ ಹಿಡಿಯೋಕೆ ಅಷ್ಟೇ."

ನಾನು ಏಣಿ-ಕುರ್ಚಿಗಳನ್ನು ನೋಡುವ ರೀತಿಯೇ ಆ ಮಾತಿನಿಂದ ಬದಲಾಯಿತು. ಅವರೇ ರಿಪೇರಿಯನ್ನೂ ಮಾಡಿಕೊಟ್ಟರು. ಸಡಿಲವಾದ ತೂತಿನೊಳಗೆ ಮರದ ಗೋಂದು ಸವರಿದ ಬೆಂಕಿಕಡ್ಡಿಗಳನ್ನು, ಮದ್ದು ಕತ್ತರಿಸಿ, ತುರುಕಿದರು. ಒಂದು ದಿನ ಒಣಗಲು ಬಿಟ್ಟು, ಉದ್ದದ ಸ್ಕ್ರೂ ಹಾಕಿದರು. ಹೋಳುಗಳ ನಡುವಿನ ಸಂದಿಗೆ ತೆಳ್ಳನೆ ಮರದ ಪಟ್ಟಿ ಅಂಟಿಸಿದರು. ಈಗ ಕುರ್ಚಿ ಪೂರ್ತಿ ಮಡಚಿಕೊಳ್ಳುವುದಿಲ್ಲ, ಪಟ್ಟಿಯಷ್ಟು ಬಾಯಿ ಬಿಟ್ಟುಕೊಂಡೇ ಇರುತ್ತದೆ. ಆ ಬಾಯಿಗೇ ನನ್ನ ಹೆಬ್ಬೆರಳು ಸಿಕ್ಕಿದ್ದು. ಉಗುರು ಮೊದಲು ಕಪ್ಪಗಾಯಿತು, ಆಮೇಲೆ ಬಿತ್ತು. ಅಲ್ಲಿಗೆ ಪೈನ್ ಕಿಟ್ಟಿನ ಋಣ ತೀರಿತು.

ಬೀಚ್ ಕುರ್ಚಿ ಕೊಳ್ಳುವಾಗ ಈ ಸಲ ಚಿತ್ರ ನೋಡಿ ಮರುಳಾಗಲಿಲ್ಲ. ಮಾರುವವರಿಗೆ ಒಂದೇ ಪ್ರಶ್ನೆ ಕೇಳಿದೆ: ಏಣಿಯಾದಾಗ ಎರಡು ಹೋಳು ಸೇರುವ ಜಾಗದ ಹತ್ತಿರದ ಫೋಟೋ ಕಳಿಸುತ್ತೀರಾ? ಕಳಿಸಿದರು. ಕೆಳಗಿನ ಹೋಳಿನಲ್ಲಿ ಒಂದು ಕಚ್ಚು ಕೊರೆದಿದ್ದರು, ಮೇಲಿನ ಹೋಳಿನ ಅಂಚು ಅದರೊಳಗೆ ಕೂರುತ್ತದೆ. ಹಿಂಜ್ ಅಗಲವಾಗಿ ಸೀಟಿನ ಒಂದು ತುದಿಯಿಂದ ಇನ್ನೊಂದು ತುದಿಯ ತನಕ ಇದೆ. ಸಾಕು ಅನ್ನಿಸಿತು. ಬೆಲೆ ಕಿಟ್ಟಿನ ಎರಡೂವರೆ ಪಟ್ಟು. ಕಿಟ್ಟಿಗೆ ಸುರಿದಿದ್ದನ್ನೂ ಸೇರಿಸಿದರೆ ಮೂರೂವರೆ ಪಟ್ಟು, ಆ ಲೆಕ್ಕ ಮನೆಯಲ್ಲಿ ಯಾರಿಗೂ ಹೇಳಿಲ್ಲ.

ಇದರ ಎರಡು ಹೋಳುಗಳೂ ಕಾರ್ಖಾನೆಯಲ್ಲೇ ಅಂಟಿಸಿ ಜೋಡಿಸಿ ಬಂದಿದ್ದವು. ನನ್ನ ಪಾಲಿಗೆ ಉಳಿದಿದ್ದು ಹಿಂಜ್ ಮತ್ತು ಪಕ್ಕದ ಎರಡು ಕೊಕ್ಕೆ. ಸುಲಭ ಅಂದುಕೊಂಡೆ. ಮೊದಲ ಹಿತ್ತಾಳೆ ಸ್ಕ್ರೂ ಬಿಗಿಯುವಾಗಲೇ ತಲೆ ಮುರಿದು ಕೈಗೆ ಬಂತು. ಬೀಚ್ ಗಟ್ಟಿ ಮರ, ಹಿತ್ತಾಳೆ ಮೆತ್ತನೆ ಲೋಹ. ಮತ್ತೆ ದೊಡ್ಡಪ್ಪನಿಗೆ ಫೋನ್. ಮೊದಲು ಸಣ್ಣ ಡ್ರಿಲ್ ಬಿಟ್ಟಿನಿಂದ ತೂತು ಕೊರೆ, ಅದೇ ಅಳತೆಯ ಉಕ್ಕಿನ ಸ್ಕ್ರೂಗೆ ಮೇಣದ ಬತ್ತಿ ಉಜ್ಜಿ ಒಂದು ಸಲ ಹಾಕಿ ತೆಗಿ, ಆಮೇಲೆ ಹಿತ್ತಾಳೆಯದು ಹಾಕು ಅಂದರು. ಹಾಗೆ ಮಾಡಿದ ಮೇಲೆ ಉಳಿದ ಹನ್ನೊಂದೂ ಬೆಣ್ಣೆಯಲ್ಲಿ ಹೋದ ಹಾಗೆ ಹೋದವು. ಮುರಿದ ಸ್ಕ್ರೂವಿನ ಬಾಲ ಇನ್ನೂ ಮರದೊಳಗೇ ಇದೆ.

ಒಟ್ಟು ಮುಕ್ಕಾಲು ಗಂಟೆ. ಮಗುಚಿದೆ. ಆರೂ ಪಾದ ಒಂದೇ ಸಲ ನೆಲ ಮುಟ್ಟಿದ ಸದ್ದು ಕೇಳಿತು, ಪುಸ್ತಕ ಮುಚ್ಚಿದ ಹಾಗೆ ಒಂದು ಧಪ್. ದೊಡ್ಡಪ್ಪನ ಪರೀಕ್ಷೆಯನ್ನೂ ಮಾಡಿದೆ. ಒಂದು ಕಾರ್ಡೂ ತೂರಲಿಲ್ಲ.

ಹಾಗಂತ ಇದರಲ್ಲಿ ತಪ್ಪೇ ಇಲ್ಲ ಅಂತೇನಲ್ಲ. ಬೀಚ್ ಮರಕ್ಕೆ ತೇವದ ಗಾಳಿ ಆಗಿಬರುವುದಿಲ್ಲ, ಬೇಗ ಉಬ್ಬುತ್ತದೆ. ಮರ ಉದ್ದಕ್ಕೆ ಹಿಗ್ಗುವುದು ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ, ಅಡ್ಡಕ್ಕೆ ಹಿಗ್ಗುತ್ತದೆ. ಮಳೆ ಹಿಡಿದ ವಾರ ಸೀಟಿನ ಅಂಚು ಪಕ್ಕದ ಚೌಕಟ್ಟಿಗೆ ಉಜ್ಜಿಕೊಂಡು, ಮಗುಚುವಾಗ ಹಳೆ ಡ್ರಾಯರ್ ಎಳೆದ ಹಾಗೆ ಕಿರ್ರ್ ಅನ್ನುತ್ತಿತ್ತು. ಸ್ಯಾಂಡ್‌ಪೇಪರಿನಿಂದ ಎರಡು ಸಲ ತೀಡಿ, ಮೇಣ ಸವರಿದೆ. ಈಗ ಪರವಾಗಿಲ್ಲ. ತೂಕವೂ ಜಾಸ್ತಿ, ಒಂದೇ ಕೈಯಲ್ಲಿ ಎತ್ತಿ ಒಯ್ಯಲು ಆಗುವುದಿಲ್ಲ. ಪೈನಿನದನ್ನು ಒಂದೇ ಕೈಯಲ್ಲಿ ಎತ್ತುತ್ತಿದ್ದೆ. ಆ ಒಂದು ವಿಷಯದಲ್ಲಿ ಅದೇ ವಾಸಿ.

ಕೊಕ್ಕೆ ಹಾಕಿಯೇ ಹತ್ತಬೇಕು. ಎರಡರಲ್ಲೂ.

ಜಾಗದ ವಿಷಯ ಯಾರೂ ಮೊದಲೇ ಹೇಳುವುದಿಲ್ಲ. ಕುರ್ಚಿಯನ್ನು ಸಾಮಾನ್ಯವಾಗಿ ಕಪಾಟಿಗೆ ಬೆನ್ನು ಮಾಡಿ ಇಡುತ್ತೇವೆ, ಅಲ್ವಾ? ಆದರೆ ಏಣಿ ಏರುವುದು ಕುರ್ಚಿ ಮುಖ ಮಾಡಿದ ಕಡೆಗೆ. ಹಾಗಾಗಿ ಹತ್ತುವ ಮೊದಲು ಕುರ್ಚಿಯನ್ನು ಕಪಾಟಿನ ಕಡೆಗೆ ತಿರುಗಿಸಬೇಕು, ಬೆನ್ನು ಬಂದು ಊರಲು ಮುಂದೆ ಅರ್ಧ ಮೀಟರಿನಷ್ಟು ಖಾಲಿ ಬಿಡಬೇಕು. ಮೊದಲ ದಿನ ನಾನು ಅಂದಾಜು ತಪ್ಪಿ ಕಪಾಟಿನ ಕೆಳಗಿನ ಸಾಲಿನ ಪುಸ್ತಕಗಳಿಗೇ ಬೆನ್ನಿನಿಂದ ಗುದ್ದಿದೆ. ಈಗ ನೆಲದ ಮೇಲೆ ಪೆನ್ಸಿಲಿನಲ್ಲಿ ಒಂದು ಸಣ್ಣ ಗುರುತು ಹಾಕಿಟ್ಟಿದ್ದೇನೆ. ಕುರ್ಚಿಯ ಮುಂಗಾಲು ಆ ಗುರುತಿಗೆ ಬಂದರೆ ಸರಿ. ಒದ್ದೆ ನೆಲದಲ್ಲಿ ಮಗುಚಬೇಡಿ, ಬೆನ್ನಿನ ತುದಿ ಜಾರುತ್ತದೆ.

ಕೂರುವುದಕ್ಕೆ ಎರಡರಲ್ಲಿ ಯಾವುದು ಒಳ್ಳೆಯದು ಅಂದರೆ, ಯಾವುದೂ ಆರಾಮ ಕುರ್ಚಿ ಅಲ್ಲ. ಸೀಟು ಗಟ್ಟಿ ಹಲಗೆ. ಬೀಚಿನದಕ್ಕೆ ಒಂದು ತೆಳು ಮೆತ್ತೆ ದಾರದಿಂದ ಕಟ್ಟಿದ್ದೇನೆ. ಏಣಿಯಾದಾಗ ಅದು ಬಾವಲಿಯ ಹಾಗೆ ತಲೆಕೆಳಗಾಗಿ ನೇತಾಡುತ್ತದೆ. ಬಂದವರೆಲ್ಲ ಅದನ್ನು ನೋಡಿ ನಗುತ್ತಾರೆ. ಆದರೆ ಇದರಲ್ಲೊಂದು ಜಾಣತನ ಇದೆ: ಸೀಟಿನ ಮೇಲ್ಮೈ ಕೆಳಮುಖವಾಗುವುದರಿಂದ, ಕಾಲಿಡುವ ಜಾಗ ಬೇರೆ, ಕೂರುವ ಜಾಗ ಬೇರೆ. ಚಪ್ಪಲಿ ಕಾಲಲ್ಲೇ ಹತ್ತಿ ಇಳಿದರೂ ಸೀಟು ಚೊಕ್ಕ. ಮಾಮೂಲಿ ಕುರ್ಚಿಯ ಮೇಲೆ ಹತ್ತಿ ಆಮೇಲೆ ಅದನ್ನೇ ಒರೆಸಿ ಕೂರುತ್ತಿದ್ದವಳಿಗೆ ಇದು ಸಣ್ಣ ವಿಷಯವಲ್ಲ.

ಅಲ್ಯೂಮಿನಿಯಂ ಏಣಿಯ ಬಗ್ಗೆ ನ್ಯಾಯವಾಗಿ ಹೇಳಬೇಕೆಂದರೆ, ಬರೀ ಏಣಿಯಾಗಿ ನೋಡಿದರೆ ಅದೇ ಎಲ್ಲಕ್ಕಿಂತ ಮೇಲು. ಹಗುರ. ಬಿಡಿಸಿದ ತಕ್ಷಣ ನಿಲ್ಲುತ್ತದೆ. ಮೇಲೆ ಹಿಡಿದುಕೊಳ್ಳಲು ಒಂದು ಕಂಬಿ ಇದೆ, ಏಣಿ-ಕುರ್ಚಿಗಳಲ್ಲಿ ಅದಿಲ್ಲ. ಪಕ್ಕದಲ್ಲಿ ಚೀಟಿ ಅಂಟಿಸಿದ್ದಾರೆ: ಇಎನ್ 131, 150 ಕಿಲೋ. ಯುರೋಪಿನ ಏಣಿಗಳ ಮಾನದಂಡ ಅದು. ಹತ್ತುವವರ ತೂಕ, ಕೈಯಲ್ಲಿರುವ ಸಾಮಾನಿನ ತೂಕ ಎರಡೂ ಸೇರಿ 150 ದಾಟಬಾರದು ಅಂತ ಅರ್ಥ. ನನ್ನ ಪೈನ್ ಕಿಟ್ಟಿನ ಡಬ್ಬ ಎಲ್ಲ ಕಡೆ ತಿರುಗಿಸಿ ನೋಡಿದರೂ ತೂಕದ ಮಾತೇ ಇರಲಿಲ್ಲ. ಅದನ್ನು ನೋಡಿಯೇ ನನಗೆ ಅನುಮಾನ ಬರಬೇಕಿತ್ತು. ಬಲ್ಬು ಬದಲಿಸುವಾಗ, ವೈರಿನ ಹತ್ತಿರ ಕೈ ಹಾಕುವಾಗ ಮಾತ್ರ ಅಲ್ಯೂಮಿನಿಯಂ ಬೇಡ. ಅದರಲ್ಲಿ ಕರೆಂಟ್ ಹರಿಯುತ್ತದೆ. ಒಣ ಮರ ವಾಸಿ, ಮೇನ್ ಸ್ವಿಚ್ ಆಫ್ ಮಾಡಿದರೆ ಇನ್ನೂ ವಾಸಿ.

ಆದರೆ ಆ ಏಣಿ ಬಾಗಿಲ ಹಿಂದೆ ಇರುತ್ತದೆ. ಅದೇ ಅದರ ದೋಷ. ಕುರ್ಚಿ ಕಪಾಟಿನ ಪಕ್ಕದಲ್ಲೇ ಇರುತ್ತದೆ, ಯಾಕೆಂದರೆ ಅದರಲ್ಲಿ ಕೂರುತ್ತೇನೆ. ಬೀಚ್ ಕುರ್ಚಿ ಬಂದ ಮೇಲೆ ಮೇಲಿನ ಎರಡು ಸಾಲಿನ ಪುಸ್ತಕಗಳು ವರ್ಷಗಳ ನಂತರ ಕೆಳಗೆ ಬಂದಿವೆ. ಎರಡು ಪುಸ್ತಕ ಎರಡೆರಡು ಸಲ ಕೊಂಡಿದ್ದೆ ಅನ್ನುವುದೂ ಗೊತ್ತಾಯಿತು.

ಸೀಟಿನೊಳಗಿಂದ ಎರಡು ಮೆಟ್ಟಿಲು ಹೊರಬರುವ ಗಿಡ್ಡ ಸ್ಟೂಲನ್ನೂ ಪರಿಚಯದವರ ಮನೆಯಲ್ಲಿ ಹತ್ತಿ ನೋಡಿದೆ. ಗಟ್ಟಿಯಾಗಿದೆ, ಚೊಕ್ಕವಾಗಿದೆ, ನನ್ನ ಎತ್ತರಕ್ಕೆ ಸಾಲದು.

ನಿಮಗೆ ಯಾವುದು ಅಂದರೆ, ನಿಮ್ಮ ಅಭ್ಯಾಸ ನೋಡಿಕೊಳ್ಳಿ. ತಿಂಗಳಿಗೆ ಒಂದೆರಡು ಸಲ ಮಾತ್ರ ಮೇಲೆ ಹತ್ತುವವರಾದರೆ, ಏಣಿ ತಂದು ನಿಲ್ಲಿಸುವ ಶಿಸ್ತೂ ಇದ್ದರೆ, ಅಲ್ಯೂಮಿನಿಯಂ ಸಾಕು, ದುಡ್ಡೂ ಉಳಿಯುತ್ತದೆ. ನನ್ನ ಹಾಗೆ ದಿನಕ್ಕೆ ಮೂರು ಸಲ ಹತ್ತುವ ಸೋಮಾರಿಗಳಾದರೆ ಬೀಚಿನಂಥ ಗಟ್ಟಿ ಮರದ್ದೇ ಆಗಬೇಕು. ಕೈಯಲ್ಲಿ ಅಷ್ಟು ದುಡ್ಡಿಲ್ಲದಿದ್ದರೆ ಕೆಲವು ತಿಂಗಳು ಕಾಯಿರಿ. ಪೈನ್ ಕಿಟ್ ಬೇಕೇ ಬೇಕು ಅನ್ನುವುದಾದರೆ, ಮರದ ಕೆಲಸ ಇಷ್ಟಪಡುವವರಾಗಿರಬೇಕು, ಹಿಂಜನ್ನೂ ಸ್ಕ್ರೂಗಳನ್ನೂ ಮೊದಲ ದಿನವೇ ಬೇರೆ ತಂದು ಹಾಕಬೇಕು. ಆಗಲೂ ಮೇಲಿನ ಮೆಟ್ಟಿಲ ಮೇಲೆ ನಾನಂತೂ ನಿಲ್ಲುವುದಿಲ್ಲ. ಬೀಚಿನದರ ಮೇಲೂ ಅಷ್ಟೇ, ಮೂರನೆಯದರ ತನಕ ಮಾತ್ರ, ಒಂದು ಕೈ ಕಪಾಟಿನ ಮೇಲೆ.

ಪೈನಿನದನ್ನು ಎಸೆದಿಲ್ಲ. ಏಣಿಯ ರೂಪದಲ್ಲೇ ಕೊಕ್ಕೆ ಹಾಕಿ, ಕಿಟಕಿಯ ಹತ್ತಿರ ನಿಲ್ಲಿಸಿದ್ದೇನೆ. ನಾಲ್ಕು ಮೆಟ್ಟಿಲಿಗೆ ಏಳು ಹೂಕುಂಡ. ನೀರು ಹಾಕುವಾಗ ಇನ್ನೂ ಟಕ್ ಅನ್ನುತ್ತದೆ.